ರಾಜಧಾನಿ ಇಲ್ಲದ ದೇಶ, ಊರು ಬದಲಿಸಿದ ರಾಜಧಾನಿಗಳು

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಶ್ರೀನಿವಾಸಪುರದಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆ. ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ವಿಜ್ಞಾನದ ಮೇಷ್ಟ್ರು. ಆದರೂ ಸಾಮಾನ್ಯ ಜ್ಞಾನದ ಸುತ್ತಿನ ಚೀಟಿಗಳನ್ನೂ ನಾನೇ ಬರೆದು ತಂದಿದ್ದೆ. ಕೊನೆಯ ಸುತ್ತಿನಲ್ಲಿ ಒಂದು ಹಳ್ಳಿ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಗೆ ಬಂದ ಪ್ರಶ್ನೆ: 'ನೌರು ದೇಶದ ರಾಜಧಾನಿ ಯಾವುದು?'

ಆಕೆ ಎದ್ದು ನಿಂತು, 'ಇಲ್ಲ ಸಾರ್' ಎಂದಳು.

ಗೊತ್ತಿಲ್ಲ ಎನ್ನುತ್ತಿದ್ದಾಳೆಂದು ತಿಳಿದು ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸಿದೆ. ಆ ತಂಡದ ಹುಡುಗ 'ಯಾರೆನ್' ಎಂದ. ನನ್ನ ಚೀಟಿಯಲ್ಲೂ ಯಾರೆನ್ ಎಂದೇ ಇತ್ತು. ಅವನಿಗೆ ಅಂಕ, ಚಪ್ಪಾಳೆ. ಹುಡುಗಿ ಮತ್ತೊಮ್ಮೆ, 'ಸಾರ್, ಅದಕ್ಕೆ ರಾಜಧಾನಿ ಇಲ್ಲ ಸಾರ್' ಎಂದಳು. 'ರಾಜಧಾನಿ ಇಲ್ಲದ ದೇಶ ಎಲ್ಲಾದರೂ ಉಂಟೇನಮ್ಮ, ಕೂತ್ಕೊ' ಎಂದು ನಗುತ್ತಾ ಹೇಳಿದೆ. ಸಭೆಯಲ್ಲಿದ್ದವರೂ ನಕ್ಕರು. ಆಕೆಯ ತಂಡ ಆ ಅಂಕದ ಅಂತರದಲ್ಲೇ ಸೋತಿತು.

ಮನಸ್ಸಿಗೆ ಏನೋ ಕಸಿವಿಸಿ. ಮರುವಾರ ಕೋಲಾರದ ಗ್ರಂಥಾಲಯದಲ್ಲಿ ಕೂತು ನಾಲ್ಕಾರು ಪುಸ್ತಕ ತಿರುವಿ ಹಾಕಿದೆ. ನಿಜ, ನೌರು ದೇಶಕ್ಕೆ ಅಧಿಕೃತ ರಾಜಧಾನಿಯೇ ಇಲ್ಲ. ಅಲ್ಲಿನ ಸಂಸತ್ತು, ಸರ್ಕಾರಿ ಕಚೇರಿಗಳು, ವಿಮಾನ ನಿಲ್ದಾಣ ಎಲ್ಲವೂ ಯಾರೆನ್ ಎಂಬ ಭಾಗದಲ್ಲಿರುವುದರಿಂದ ಪಟ್ಟಿ ಬರೆಯುವವರು ಆ ಹೆಸರನ್ನು ತುಂಬಿಬಿಡುತ್ತಾರೆ, ಅಷ್ಟೇ. ಹುಡುಗಿಯ ಶಾಲೆಗೆ ಬಸ್ಸು ಹಿಡಿದು ಹೋಗಿ, 'ನೀನು ಹೇಳಿದ್ದೇ ಸರಿ ಕಣಮ್ಮ, ತಪ್ಪು ನನ್ನದು' ಎಂದು ತರಗತಿಯ ಎದುರೇ ಹೇಳಿ ಬಂದೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, 'ಅಟ್ಲಾಸ್‌ನ ಹಿಂದಿನ ಪಟ್ಟಿಯಲ್ಲಿ ಎಲ್ಲ ದೇಶದ ಮುಂದೆಯೂ ಊರು ಇತ್ತು ಸಾರ್, ಇದರ ಮುಂದೆ ಮಾತ್ರ ಒಂದು ಗೀಟು ಎಳೆದಿತ್ತು' ಎಂದಳು. ಬಹುಮಾನವನ್ನಂತೂ ಹಿಂದಕ್ಕೆ ತರಲಾಗಲಿಲ್ಲ.

ಅಂದಿನಿಂದ ಪೆಸಿಫಿಕ್ ಸಾಗರದ ರಾಜಧಾನಿಗಳ ಮೇಲೆ ನನಗೆ ಒಂದು ಬಗೆಯ ಹುಚ್ಚು. ಸುವಾ, ಅಪಿಯಾ, ಹೋನಿಯಾರಾ, ಪೋರ್ಟ್ ವಿಲಾ, ಮಜುರೊ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆ ಊರುಗಳು ಯಾಕೆ ರಾಜಧಾನಿಗಳಾದವು ಎಂದು ಕೇಳಿದರೆ ಮಕ್ಕಳೂ ಸುಮ್ಮನೆ, ಮೇಷ್ಟ್ರೂ ಸುಮ್ಮನೆ. ಮಾಲೂರಿನಲ್ಲಿದ್ದಾಗ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ತಂದೆ, 'ಸಾರ್, ಇವೆಲ್ಲ ಪರೀಕ್ಷೆಗೆ ಬರ್ತಾವಾ?' ಎಂದು ಕೇಳಿದ್ದರು. ಬಂದರೆ ಒಂದು ಅಂಕಕ್ಕೆ ಬಂದೀತು. ಆದರೆ ಈ ಊರುಗಳ ಕಥೆಗೂ ನಮ್ಮ ಕೋಲಾರದ ಕಥೆಗೂ ಇರುವ ನಂಟು ಒಂದು ಅಂಕಕ್ಕೆ ಮುಗಿಯುವಂಥದ್ದಲ್ಲ.

ಮೊದಲಿಗೆ ನಮ್ಮ ಮನೆಯ ಮಾತು. ಕೋಲಾರವೇ ಒಂದು ಕಾಲದ ರಾಜಧಾನಿ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ನಾಲ್ಕನೆಯ ಶತಮಾನದಲ್ಲಿ ಗಂಗರು ರಾಜ್ಯ ಕಟ್ಟಿದಾಗ ಅವರ ಮೊದಲ ರಾಜಧಾನಿ ಕುವಲಾಲ, ಅಂದರೆ ನಮ್ಮ ಕೋಲಾರ. ಆಮೇಲೆ ಅವರು ಕಾವೇರಿ ದಡದ ತಲಕಾಡಿಗೆ ಹೋದರು. ಹೋದ ಮೇಲೂ ಗಂಗ ಅರಸರು 'ಕುವಲಾಲಪುರವರೇಶ್ವರ' ಎಂಬ ಬಿರುದನ್ನು ಬಿಡಲಿಲ್ಲ. ಶಾಸನಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ. ಮುಳಬಾಗಿಲು ಕೂಡ ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. ರಾಜಧಾನಿ ಎನ್ನುವುದು ದೇವರು ನೆಟ್ಟ ಕಲ್ಲಲ್ಲ. ನೀರು, ದಾರಿ, ಶತ್ರು, ವ್ಯಾಪಾರ, ಇವು ಬದಲಾದಾಗ ಅದೂ ಎದ್ದು ನಡೆಯುತ್ತದೆ.

ಚಿನ್ನ ಎಳೆದ ರಾಜಧಾನಿ

ನ್ಯೂಜಿಲೆಂಡಿನ ಕಥೆಯನ್ನೇ ನೋಡಿ. ಬ್ರಿಟಿಷರು 1840ರಲ್ಲಿ ಅಲ್ಲಿ ಆಳ್ವಿಕೆ ಆರಂಭಿಸಿದಾಗ ಉತ್ತರದ ತುದಿಯಲ್ಲಿ ಓಕಿಯಾಟೊ ಎಂಬ ಪುಟ್ಟ ಜಾಗವನ್ನು ರಾಜಧಾನಿ ಮಾಡಿಕೊಂಡರು. ಒಂದೇ ವರ್ಷಕ್ಕೆ, 1841ರಲ್ಲಿ, ಅದು ಆಕ್ಲೆಂಡಿಗೆ ಬಂತು. ಆಕ್ಲೆಂಡ್ ಒಳ್ಳೆಯ ಬಂದರು, ಅಲ್ಲೇ ಉಳಿಯಬಹುದಿತ್ತು. ಆದರೆ 1861ರಲ್ಲಿ ದಕ್ಷಿಣ ದ್ವೀಪದ ಒಟಾಗೊ ಸೀಮೆಯಲ್ಲಿ ಚಿನ್ನ ಸಿಕ್ಕಿತು. ಜನ ನುಗ್ಗಿದರು, ಡ್ಯುನೆಡಿನ್ ಪಟ್ಟಣ ರಾತ್ರೋರಾತ್ರಿ ಬೆಳೆಯಿತು. ಹಣ ನಮ್ಮದು, ಆಳುವವರು ದೂರದ ಆಕ್ಲೆಂಡಿನವರು ಎಂದು ದಕ್ಷಿಣದವರು ಗೊಣಗತೊಡಗಿದರು. ಬೇರೆಯೇ ವಸಾಹತಾಗಿಬಿಡುವ ಮಾತೂ ಎದ್ದಿತು. ಎರಡೂ ದ್ವೀಪಗಳಿಗೆ ನಡುವೆ ಇರುವ ಊರು ಬೇಕೆಂದು ಕೊನೆಗೆ 1865ರಲ್ಲಿ ರಾಜಧಾನಿಯನ್ನು ವೆಲಿಂಗ್ಟನ್‌ಗೆ ತಂದರು. ಜಾಗ ಆರಿಸಲು ತಮ್ಮವರನ್ನು ನಂಬದೆ ಆಸ್ಟ್ರೇಲಿಯಾದಿಂದ ಪಂಚರನ್ನು ಕರೆಸಿದ್ದರು! ನಮ್ಮಲ್ಲಿ ಅಣ್ಣತಮ್ಮಂದಿರು ಜಮೀನು ಪಾಲು ಮಾಡುವಾಗ ಪಕ್ಕದೂರಿನ ಹಿರಿಯರನ್ನು ಕರೆಯುವುದಿಲ್ಲವೇ, ಹಾಗೆ.

ಅದೇ ಕಾಲದಲ್ಲಿ ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಹೋರಾಡಿ ಬಂದ ಐರಿಷ್ ಸೈನಿಕನೊಬ್ಬ ನಿವೃತ್ತನಾಗಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ. ಹೆಸರು ಮೈಕೇಲ್ ಫಿಟ್ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನಲ್ಲಿದ್ದಾಗಲೇ ಚಿನ್ನದ ಗೀಳು ಅಂಟಿಸಿಕೊಂಡಿದ್ದ ಈತನಿಗೆ ಒಂದು ಹಳೆಯ ಲೇಖನ ಸಿಕ್ಕಿತು. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯುವುದನ್ನು ಕಂಡು ಬರೆದಿದ್ದ ಲೇಖನ ಅದು. ಲವೆಲ್ 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಹೊರಟ. ಹುಡುಕಿದ, ಸರ್ಕಾರಕ್ಕೆ ಬರೆದ, 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. ಅವನ ಕೈಯಲ್ಲಿ ಹಣವಿರಲಿಲ್ಲ. ಹಕ್ಕನ್ನು ಬೇರೆಯವರಿಗೆ ವಹಿಸಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಕೋಲಾರ ಚಿನ್ನದ ಗಣಿ ಏನಾಯಿತೆಂದು ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನ ಲವೆಲ್ ರಸ್ತೆಯಲ್ಲಿ ಓಡಾಡುವವರಿಗೆ ಆ ಹೆಸರಿನ ಹಿಂದೆ ಕೋಲಾರದ ಮಣ್ಣೂ ನ್ಯೂಜಿಲೆಂಡಿನ ಯುದ್ಧವೂ ಇವೆ ಎಂಬುದು ನೆನಪಿರಲಾರದು.

ಅಂದರೆ, ಆ ದ್ವೀಪದಲ್ಲಿ ಚಿನ್ನವು ರಾಜಧಾನಿಯನ್ನು ಆಕ್ಲೆಂಡಿನಿಂದ ಕಿತ್ತು ವೆಲಿಂಗ್ಟನ್‌ನಲ್ಲಿ ನೆಟ್ಟಿತು. ಅದೇ ಚಿನ್ನದ ಹುಚ್ಚು ಹಡಗು ಹತ್ತಿ ಬಂದು ನಮ್ಮ ಬೆಂಗಾಡಿನಲ್ಲಿ ಒಂದು ನಗರವನ್ನೇ ಎಬ್ಬಿಸಿತು.

ಪಕ್ಕದ ಆಸ್ಟ್ರೇಲಿಯಾದ್ದು ಬೇರೆಯೇ ಜಗಳ. 1901ರಲ್ಲಿ ಒಕ್ಕೂಟವಾದಾಗ ಸಿಡ್ನಿಯವರು ತಮ್ಮೂರು ರಾಜಧಾನಿಯಾಗಲಿ ಎಂದರು, ಮೆಲ್ಬರ್ನಿನವರು ತಮ್ಮೂರು ಎಂದರು. ಇಬ್ಬರಿಗೂ ಬೇಡವೆಂದು ನಡುವೆ ಕುರಿ ಮೇಯುವ ಬಯಲಿನಲ್ಲಿ ಕ್ಯಾನ್‌ಬೆರಾ ಕಟ್ಟಿದರು. 1927ರವರೆಗೆ ಸಂಸತ್ತು ಮೆಲ್ಬರ್ನಿನಲ್ಲೇ ಸೇರುತ್ತಿತ್ತು. ಕ್ಯಾನ್‌ಬೆರಾದ ನಕ್ಷೆ ಬರೆದ ಅಮೆರಿಕದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್ ತೀರಿಕೊಂಡದ್ದು 1937ರಲ್ಲಿ, ನಮ್ಮ ಲಖನೌದಲ್ಲಿ. ಅಲ್ಲಿಗೆ ಕಟ್ಟಡಗಳ ಕೆಲಸಕ್ಕೆಂದು ಬಂದಿದ್ದವರು ಅಲ್ಲಿಯ ಮಣ್ಣಿನಲ್ಲೇ ಉಳಿದರು.

ಮುಳಬಾಗಿಲಿನ ಆಚೆಯವರು ಹೋದ ಊರು

ಫಿಜಿಯ ಮೊದಲ ರಾಜಧಾನಿ ಸುವಾ ಅಲ್ಲ, ಲೆವುಕಾ. 1874ರ ಅಕ್ಟೋಬರ್ 10ರಂದು ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸಿದ್ದೂ ಅಲ್ಲಿಯೇ. ಆದರೆ ಲೆವುಕಾದ ಬೆನ್ನಿಗೆ ಕಡಿದಾದ ಬೆಟ್ಟ, ಮುಂದೆ ಸಮುದ್ರ. ಮನೆ ಕಟ್ಟಲು ಇನ್ನೊಂದು ಸಾಲಿಗೆ ಜಾಗವಿಲ್ಲ. ಆದ್ದರಿಂದ ದೊಡ್ಡ ದ್ವೀಪವಾದ ವಿಟಿ ಲೆವುವಿನ ಸುವಾ ಎಂಬ ಕಡೆಗೆ 1882ರಲ್ಲಿ ಆಡಳಿತವನ್ನು ಸಾಗಿಸಿದರು. ಲೆವುಕಾ ಹಾಗೇ ಹಳೆಯ ಪೇಟೆಯಾಗಿ ಉಳಿಯಿತು. 2013ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳೆಯಲು ಜಾಗವಿಲ್ಲದ್ದೇ ಅದನ್ನು ಉಳಿಸಿತೆನ್ನಬೇಕು.

1879ರ ಮೇ 14ರಂದು ಲೆವುಕಾದ ಬಳಿ 'ಲಿಯೊನಿಡಾಸ್' ಎಂಬ ಹಡಗು ಲಂಗರು ಹಾಕಿತು. ಕಲ್ಕತ್ತೆಯಿಂದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಕೂಲಿಗಳನ್ನು ತಂದ ಮೊದಲ ಹಡಗು. ಐದು ವರ್ಷ ದುಡಿಯಬೇಕೆಂಬ ಕರಾರಿಗೆ ಇಂಗ್ಲಿಷಿನಲ್ಲಿ 'ಅಗ್ರಿಮೆಂಟ್'. ಅದು ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು, ದುಡಿಯುವವರು 'ಗಿರ್ಮಿಟಿಯಾ'ಗಳಾದರು. 1903ರಿಂದ ಮದ್ರಾಸಿನಿಂದಲೂ ಹಡಗುಗಳು ಹೊರಟವು. 1916ರವರೆಗೆ ಒಟ್ಟು ಅರವತ್ತು ಸಾವಿರಕ್ಕೂ ಹೆಚ್ಚು ಜನ ಫಿಜಿಗೆ ಹೋದರು. ಅವರಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಂದಿ ದಕ್ಷಿಣದವರು.

ಮದ್ರಾಸಿನಿಂದ ಹೋದವರಲ್ಲಿ ಉತ್ತರ ಆರ್ಕಾಟ್ ಜಿಲ್ಲೆಯವರು ಬಹಳ ಮಂದಿ. ಉತ್ತರ ಆರ್ಕಾಟ್ ಎಂದರೆ ಎಲ್ಲೋ ದೂರವೆಂದುಕೊಳ್ಳಬೇಡಿ. 1911ರಲ್ಲಿ ಚಿತ್ತೂರು ಜಿಲ್ಲೆ ಆಗುವವರೆಗೆ ಪಲಮನೇರು ಸೀಮೆ ಆ ಜಿಲ್ಲೆಗೇ ಸೇರಿತ್ತು. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆ ಸೀಮೆ. ನಮ್ಮ ಎಷ್ಟೋ ಮನೆಗಳಿಗೆ ಅಲ್ಲಿಂದ ಸೊಸೆ ಬಂದಿದ್ದಾಳೆ, ಅಲ್ಲಿಗೆ ಮಗಳು ಹೋಗಿದ್ದಾಳೆ. ಅದೇ ಉತ್ತರ ಆರ್ಕಾಟಿನ ಬಡವರೇ ಬರಗಾಲ ಬಂದಾಗ ನಮ್ಮ ಚಿನ್ನದ ಗಣಿಗೂ ಇಳಿದವರು. ಮನೆ ಬಿಟ್ಟು ಹೊರಟವನ ಎದುರಿಗೆ ಎರಡು ದಾರಿಗಳಿದ್ದವು ಎನ್ನಿ. ಪಡುವಣಕ್ಕೆ ನಡೆದರೆ ಉರಿಗಾಂ, ಮೂಡಣಕ್ಕೆ ನಡೆದರೆ ಮದ್ರಾಸಿನ ಡಿಪೋ. ಯಾವ ಕಂಗಾಣಿಯ ಮಾತಿಗೆ ಕಿವಿಗೊಟ್ಟನೋ, ಅದರ ಮೇಲೆ ಅವನ ಮೊಮ್ಮಕ್ಕಳ ದೇಶವೇ ಬೇರೆಯಾಯಿತು.

1920ರ ಜನವರಿ 1ರಂದು ಕರಾರುಗಳೆಲ್ಲ ರದ್ದಾದವು. ಹೆಚ್ಚಿನವರು ಅಲ್ಲಿಯೇ ಉಳಿದರು. ದಕ್ಷಿಣದವರು 1926ರಲ್ಲಿ ತಮ್ಮದೇ ಸಂಗಮವೊಂದನ್ನು ಕಟ್ಟಿಕೊಂಡು, ಶಾಲೆ ತೆರೆದು, ತಮಿಳು ತೆಲುಗು ಕಲಿಸಿದರು. ನಾಂದಿ ಊರಿನ ಸುಬ್ರಹ್ಮಣ್ಯ ದೇವಾಲಯದ ಬಣ್ಣದ ಗೋಪುರ ನೋಡಿದರೆ ಯಾರೂ ಅದು ಪೆಸಿಫಿಕ್ ನಡುವಿನ ದ್ವೀಪವೆನ್ನಲಾರರು.

ಆದರೆ ಸುವಾದ ಸಂಸತ್ತಿನಲ್ಲಿ ಅವರಿಗೆ ನೆಮ್ಮದಿ ಸಿಗಲಿಲ್ಲ. 1987ರ ಮೇ 14, ಅಂದರೆ ಲಿಯೊನಿಡಾಸ್ ಬಂದ ದಿನದಂದೇ, ಸೇನೆಯ ಲೆಫ್ಟಿನೆಂಟ್ ಕರ್ನಲ್ ಸಿಟಿವೆನಿ ರಬುಕಾ ಸೈನಿಕರೊಂದಿಗೆ ಸಂಸತ್ತಿಗೆ ನುಗ್ಗಿ, ಭಾರತೀಯ ಮೂಲದ ಸಚಿವರು ಬಹಳ ಮಂದಿ ಇದ್ದ ಟಿಮೊಸಿ ಬವಾಂದ್ರ ಸರ್ಕಾರವನ್ನು ಉರುಳಿಸಿದ. 2000ದಲ್ಲಿ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿಯವರನ್ನು ಸಂಸತ್ತಿನಲ್ಲೇ ಒತ್ತೆ ಹಿಡಿಯಲಾಯಿತು. ಸಾವಿರಾರು ಕುಟುಂಬಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಎರಡನೇ ಸಲ ವಲಸೆ ಹೊರಟವು. ಒಂದು ಕಾಲಕ್ಕೆ ಫಿಜಿಯ ಜನಸಂಖ್ಯೆಯಲ್ಲಿ ಅರ್ಧದಷ್ಟಿದ್ದವರು ಈಗ ಸುಮಾರು ಮೂರನೇ ಒಂದು ಭಾಗ. ಚುನಾವಣೆಯಲ್ಲಿ ಗೆದ್ದು 2022ರ ಕೊನೆಯಲ್ಲಿ ಮತ್ತೆ ಪ್ರಧಾನಿಯಾದ ಅದೇ ರಬುಕಾ 2023ರ ಮೇ ತಿಂಗಳಲ್ಲಿ ಗಿರ್ಮಿಟಿಯಾಗಳ ಸಂತತಿಯ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡದೇ. ಮನೆ ಮಾರಿ ಹೋದವರಿಗೆ ಅದು ಎಷ್ಟು ದೊಡ್ಡದೋ ಅವರೇ ಹೇಳಬೇಕು.

ಕೆಲವು ಊರುಗಳನ್ನು ಬೇಗ ಬೇಗ ದಾಟಿಬಿಡೋಣ. ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರೆಸ್ಬಿ. ಅಲ್ಲಿಂದ ದೇಶದ ಇತರ ದೊಡ್ಡ ಊರುಗಳಿಗೆ ರಸ್ತೆಯೇ ಇಲ್ಲ. ವಿಮಾನ ಇಲ್ಲವೇ ಹಡಗು. ಆ ದೇಶದಲ್ಲಿ ಎಂಟುನೂರಕ್ಕೂ ಹೆಚ್ಚು ಭಾಷೆಗಳು. ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕನ್ನೂ ಒಂದೇ ಸಂತೆಯಲ್ಲಿ ಆಡುವ ಕೋಲಾರದವರಿಗೂ ಅದು ಸ್ವಲ್ಪ ಹೆಚ್ಚೇ. ಸಾಲೊಮನ್ ದ್ವೀಪಗಳ ಹೋನಿಯಾರಾ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಗ್ವಾಡಲ್‌ಕೆನಾಲ್‌ನಲ್ಲಿ ಬಿಟ್ಟುಹೋದ ನೆಲೆಯ ಮೇಲೆ ಎದ್ದ ಊರು. ಟೋಂಗಾದ ನುಕುಅಲೋಫಾ ಎಂದರೆ ಒಲವಿನ ಬೀಡು. 2022ರ ಜನವರಿ 15ರಂದು ಅದರಿಂದ ಸುಮಾರು 65 ಕಿಲೋಮೀಟರ್ ದೂರದಲ್ಲಿ ಕಡಲೊಳಗಿನ ಜ್ವಾಲಾಮುಖಿ ಸಿಡಿದು, ಆ ಗಾಳಿಯ ಅಲೆ ಭೂಮಿಯನ್ನು ಸುತ್ತಿ ಜಗತ್ತಿನ ಉದ್ದಗಲದ ವಾಯುಭಾರಮಾಪಕಗಳಲ್ಲಿ ದಾಖಲಾಯಿತು. ಸಮೋವಾದ ಅಪಿಯಾಕ್ಕೂ ಅಮೆರಿಕನ್ ಸಮೋವಾದ ಪಾಗೊ ಪಾಗೊಗೂ ಇರುವ ದೂರ ಕೋಲಾರದಿಂದ ಬೆಂಗಳೂರಿಗೆ ಹೋಗಿ ಬಂದಷ್ಟು. ಗಡಿಯಾರದಲ್ಲಿ ಎರಡೂ ಊರುಗಳ ಗಂಟೆ ಒಂದೇ, ದಿನ ಮಾತ್ರ ಬೇರೆ! ಇಲ್ಲಿ ಭಾನುವಾರವಾದರೆ ಅಲ್ಲಿ ಶನಿವಾರ. 2011ರಲ್ಲಿ ಸಮೋವಾ ದಿನರೇಖೆಯ ಆಚೆಗೆ ಜಿಗಿದು, ಡಿಸೆಂಬರ್ 30ನೇ ತಾರೀಖನ್ನೇ ಕ್ಯಾಲೆಂಡರಿನಿಂದ ಬಿಟ್ಟುಬಿಟ್ಟಿತು. ಆ ದಿನ ಹುಟ್ಟುಹಬ್ಬ ಇದ್ದವರ ಪಾಡೇನೋ.

ಪಲಾವು ದೇಶದ್ದು ಸ್ವಲ್ಪ ನಿಂತು ನೋಡಬೇಕಾದ ಕಥೆ. ಜನಸಂಖ್ಯೆ ಹದಿನೆಂಟು ಸಾವಿರದ ಆಸುಪಾಸು. ಜನ, ಅಂಗಡಿ, ಶಾಲೆ ಎಲ್ಲ ಇರುವುದು ಕೊರೋರ್ ಎಂಬಲ್ಲಿ. ಆದರೆ ದೊಡ್ಡ ದ್ವೀಪವಾದ ಬಾಬೆಲ್‌ಡಾವೊಬ್‌ನಲ್ಲಿ ರಾಜಧಾನಿ ಇರಬೇಕೆಂದು ಅವರ ಸಂವಿಧಾನವೇ ಹೇಳಿತ್ತು. ಕೊನೆಗೆ 2006ರ ಅಕ್ಟೋಬರಿನಲ್ಲಿ ಗುಡ್ಡದ ಮೇಲೆ, ವಾಷಿಂಗ್ಟನ್ನಿನ ಮಾದರಿಯ ಗುಮ್ಮಟ ಹೊತ್ತ ಕಟ್ಟಡ ಕಟ್ಟಿ ಸರ್ಕಾರವನ್ನು ಸಾಗಿಸಿದರು. ಸುತ್ತ ಊರೆಂಬುದೇ ಇಲ್ಲ. ಆ ಜಾಗದ ಹೆಸರು ಙೆರುಲ್ಮುಡ್. ಮಕ್ಕಳೇ, ಕ ಖ ಗ ಘ ಆದ ಮೇಲೆ ಬರುವ ಆ ಙಕಾರವನ್ನು ಒಂದನೇ ತರಗತಿಯಿಂದ ತಿದ್ದುತ್ತೀರಿ. ಅದರಿಂದ ಆರಂಭವಾಗುವ ಪದ ಹೇಳಿ ಎಂದರೆ ಕನ್ನಡ ಮೇಷ್ಟ್ರೂ ತಡವರಿಸುತ್ತಾರೆ. ಇಗೋ, ಒಂದು ದೇಶದ ರಾಜಧಾನಿಯೇ ಸಿಕ್ಕಿತು. ಇಂಗ್ಲಿಷಿನವರು ಆ ಸದ್ದಿಗೆ ಎರಡು ಅಕ್ಷರ ಕೂಡಿಸಿ ಬರೆಯಬೇಕು. ನಮ್ಮಲ್ಲಿ ಒಂದೇ ಅಕ್ಷರ ಸಿದ್ಧವಾಗಿದೆ.

ಒಂದಡಿಗೆ ನಲವತ್ತಡಿ

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಅಂದರೆ ವಿಜ್ಞಾನಕ್ಕೆ. ಕೋಲಾರ ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ. ಟುವಾಲುವಿನ ರಾಜಧಾನಿ ಫುನಾಫುಟಿ, ಕಿರಿಬಾಸ್ ದೇಶದ ರಾಜಧಾನಿ ದಕ್ಷಿಣ ತಾರಾವಾ, ಇವು ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರ, ಅಷ್ಟೇ. (ಇಂಗ್ಲಿಷ್ ಬರಹ ನೋಡಿ 'ಕಿರಿಬಾಟಿ' ಎನ್ನುತ್ತೇವೆ; ಅಲ್ಲಿನವರ ಬಾಯಲ್ಲಿ ಅದು ಕಿರಿಬಾಸ್.) ನೀರಿಲ್ಲದ ನಮ್ಮ ಜಿಲ್ಲೆಗೂ ನೀರಿನ ನಡುವೆಯೇ ಇರುವ ಆ ಊರುಗಳಿಗೂ ಏನು ಹೋಲಿಕೆ ಎನ್ನುತ್ತೀರಾ? ಇಬ್ಬರದೂ ಕುಡಿಯುವ ನೀರಿನ ಸಂಕಟವೇ.

ಅಲ್ಲಿ ನದಿಯಿಲ್ಲ, ಹಳ್ಳವಿಲ್ಲ, ಬೆಟ್ಟವಿಲ್ಲ. ಬಿದ್ದ ಮಳೆ ಹವಳದ ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತದೆ. ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಅರ್ಧ ನೀರು ತುಂಬಿ ಎರಡು ಚಮಚ ಉಪ್ಪು ಕರಗಿಸಿ. ಇನ್ನೊಂದರಲ್ಲಿ ಸಾದಾ ನೀರಿಗೆ ಒಂದು ಹನಿ ಶಾಯಿ ಹಾಕಿ. ಉಪ್ಪುನೀರಿನ ಮೇಲೆ ಚಮಚವನ್ನು ಬೋರಲು ಹಿಡಿದು, ಅದರ ಬೆನ್ನ ಮೇಲೆ ಶಾಯಿ ನೀರನ್ನು ನಿಧಾನವಾಗಿ ಸುರಿಯಿರಿ. ಬಣ್ಣದ ನೀರು ಮೇಲೆಯೇ ಪದರವಾಗಿ ನಿಲ್ಲುತ್ತದೆ. ಅಲುಗಾಡಿಸಿದರೆ ಎಲ್ಲ ಕಲಸಿಹೋಗುತ್ತದೆ.

ಲೆಕ್ಕ ಹೀಗೆ. ಒಂದು ಲೀಟರ್ ಸಿಹಿನೀರಿನ ತೂಕ 1000 ಗ್ರಾಂ, ಸಮುದ್ರದ ನೀರಿನದು ಸುಮಾರು 1025 ಗ್ರಾಂ. 41 ಅಡಿ ಎತ್ತರದ ಸಿಹಿನೀರಿನ ಕಂಬವೂ 40 ಅಡಿ ಎತ್ತರದ ಉಪ್ಪುನೀರಿನ ಕಂಬವೂ ಒಂದೇ ಭಾರ, ಗುಣಿಸಿ ನೋಡಿ. ಆದ್ದರಿಂದ ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ 40 ಅಡಿ ಸಿಹಿನೀರು ಇರಬಲ್ಲದು. ಹಾಲೆಂಡಿನ ಘೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ಸೂತ್ರವಿದು. ಇದರ ಇನ್ನೊಂದು ಮುಖ ಕ್ರೂರ. ಪಂಪು ಹಾಕಿ ನೀರಿನ ಮಟ್ಟವನ್ನು ಒಂದಡಿ ಇಳಿಸಿದರೆ, ಕೆಳಗಿನಿಂದ ಉಪ್ಪುನೀರು ಕ್ರಮೇಣ 40 ಅಡಿ ಮೇಲೇರುತ್ತದೆ. ಅರವತ್ತು ಸಾವಿರಕ್ಕೂ ಹೆಚ್ಚು ಜನ ಒತ್ತಾಗಿ ಬದುಕುವ ದಕ್ಷಿಣ ತಾರಾವಾದಲ್ಲಿ ಬೊನ್ರಿಕಿ ಎಂಬ ಕಡೆ ನೆಲದಡಿಯ ಇಂಥ ಸಿಹಿನೀರನ್ನೇ ನಂಬಿಕೊಂಡಿದ್ದಾರೆ. ದೊಡ್ಡ ಅಲೆಯೊಂದು ದಂಡೆ ದಾಟಿ ಬಂದು ಮೇಲಿನಿಂದ ಉಪ್ಪು ಸುರಿದರೂ ಅದು ಕೆಡುತ್ತದೆ.

ನಮ್ಮಲ್ಲಿ ಉಪ್ಪುನೀರು ಏರುವುದಿಲ್ಲ, ನಿಜ. ಸಾವಿರ ಅಡಿ ದಾಟಿದರೂ ಬರೀ ಕಲ್ಲಿನ ಪುಡಿ ಹಾರುತ್ತದೆ. ನೀರು ಬಂದರೆ ಫ್ಲೋರೈಡೂ ಜೊತೆಗೆ ಬರುತ್ತದೆ. ಕೊಳವೆ ಬಾವಿ ಕೊರೆಸಿ ಕೈಸುಟ್ಟುಕೊಂಡ ರೈತರಿಗೆ ಒಂದು ಸಂಗತಿ ಹೇಳಬೇಕು. ಫುನಾಫುಟಿಯಲ್ಲೂ ಒಂದು ಪ್ರಸಿದ್ಧ ಕೊಳವೆ ಕೊರೆದಿದ್ದರು, ನೀರಿಗಲ್ಲ. ಜ್ವಾಲಾಮುಖಿಯ ಬೆಟ್ಟ ನಿಧಾನವಾಗಿ ಕಡಲಲ್ಲಿ ಕುಸಿಯುವಾಗ ಅದರ ಅಂಚಿನ ಹವಳ ಮೇಲಕ್ಕೆ ಬೆಳೆಯುತ್ತಾ ಹೋಗಿ ಬಳೆಯಾಕಾರದ ದ್ವೀಪವಾಗುತ್ತದೆ ಎಂದು ಡಾರ್ವಿನ್ ಹೇಳಿದ್ದ. ಅದು ದಿಟವೋ ಅಲ್ಲವೋ ನೋಡಲು ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಫುನಾಫುಟಿಯಲ್ಲಿ ಕೊರೆಸಿತು. 1114 ಅಡಿ ಇಳಿದರೂ ಹವಳದ ಸುಣ್ಣಕಲ್ಲೇ ಬಂತು, ಬೆಟ್ಟದ ಕಲ್ಲು ಸಿಗಲೇ ಇಲ್ಲ. ಕೊನೆಗೆ 1952ರಲ್ಲಿ ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಅಡಿ ಇಳಿದಾಗ ಕರಿಯ ಬಸಾಲ್ಟ್ ಸಿಕ್ಕಿ ಡಾರ್ವಿನ್ ಗೆದ್ದ.

ನೆಲದಡಿಯ ನೀರು ತೆಗೆದರೆ ಆಗುವ ಇನ್ನೊಂದು ಅನಾಹುತಕ್ಕೆ ನೆರೆಯ ಇಂಡೊನೇಷ್ಯಾದ ಜಕಾರ್ತಾ ಸಾಕ್ಷಿ. ಅಲ್ಲಿನ ನೆಲ ಮೆತ್ತನೆಯ ಜೇಡಿ. ನೀರು ಹೀರಿದಂತೆಲ್ಲ ಅದು ಒಣ ಸ್ಪಂಜಿನಂತೆ ಅಮುಕಿಕೊಂಡು ನಗರವೇ ತಗ್ಗುತ್ತಿದೆ. ಬೋರ್ನಿಯೊ ದ್ವೀಪದ ಕಾಡಿನಲ್ಲಿ ನುಸಂತರಾ ಎಂಬ ಹೊಸ ರಾಜಧಾನಿ ಕಟ್ಟಲು 2022ರಲ್ಲಿ ಕಾನೂನು ಮಾಡಿದರು. ಕೋಲಾರದ ಕೆಳಗಿರುವುದು ಗಟ್ಟಿ ಬಂಡೆಯಾದ್ದರಿಂದ ನಮ್ಮ ನೆಲ ತಗ್ಗಲಿಲ್ಲ, ಬಾವಿಗಳು ಬತ್ತಿದವು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಲಕ್ಷ್ಮೀಸಾಗರದ ಕೆರೆಗೆ ಹರಿಸಿದ ಮೇಲೆ ಕೆರೆಗಳು ಮತ್ತೆ ನೀರು ಕಂಡಿವೆ. ಆ ನೀರಿನ ಗುಣದ ಬಗ್ಗೆ ವಾದವಿದೆ. ಅದು ಇನ್ನೊಂದು ಲೇಖನದ ವಿಷಯ.

ಗೀಟು ಎಳೆದ ದೇಶ

ಮತ್ತೆ ನೌರುಗೆ. 21 ಚದರ ಕಿಲೋಮೀಟರಿನ ಒಂಟಿ ದ್ವೀಪ, ನಮ್ಮ ಒಂದು ಹೋಬಳಿಗಿಂತ ಚಿಕ್ಕದು. ಊರು ಯಾವುದು, ರಾಜಧಾನಿ ಯಾವುದು ಎಂದು ಬೇರೆ ಮಾಡುವ ಅಗತ್ಯವೇ ಬೀಳದಷ್ಟು ಚಿಕ್ಕದು. ಅದರ ನೆಲವೆಲ್ಲ ಒಳ್ಳೆಯ ಫಾಸ್ಫೇಟ್. ಕಳೆದ ಶತಮಾನದ ಆರಂಭದಿಂದ ಪರದೇಶದ ಕಂಪನಿಗಳು ಅಗೆದು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದವು. 1968ರಲ್ಲಿ ಸ್ವತಂತ್ರವಾದ ಮೇಲೆ ನೌರು ಜನರೇ ಅಗೆದರು. ಕೆಲವು ಕಾಲ ತಲಾ ಆದಾಯದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿದ್ದರು. ಈ ಶತಮಾನದ ಹೊತ್ತಿಗೆ ಮೇಲಿನ ಫಾಸ್ಫೇಟ್ ಮುಗಿದು, ದ್ವೀಪದ ನಡುಭಾಗದಲ್ಲಿ ಚೂಪಾದ ಸುಣ್ಣಕಲ್ಲಿನ ಕಂಬಗಳಷ್ಟೇ ಉಳಿದವು. ಬೇಸಾಯವಿಲ್ಲ, ಮನೆ ಕಟ್ಟುವಂತಿಲ್ಲ. ನೆಲ ಹಾಳುಮಾಡಿದ್ದಕ್ಕೆ ಪರಿಹಾರ ಕೋರಿ ಆ ಪುಟ್ಟ ದೇಶ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದು, 1993ರಲ್ಲಿ ಹೊರಗೇ ರಾಜಿಯಾಗಿ ಹಣ ಪಡೆಯಿತು.

ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಕೆ.ಜಿ.ಎಫ್‌ನ ಸೈನೈಡ್ ದಿಬ್ಬಗಳು ಕಣ್ಣಿಗೆ ಬರುತ್ತವೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಚಿನ್ನ ಎಲ್ಲಿಗೋ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬೂದಿ ಬಣ್ಣದ ದಿಬ್ಬಗಳು ನಮ್ಮವರಿಗೆ ಉಳಿದವು. ಗಾಳಿಗಾಲದಲ್ಲಿ ಆ ಧೂಳು ಮನೆಗಳೊಳಗೆ ಬರುತ್ತದೆ. ನಮಗೆ ಹೋಗಲು ಬೆಂಗಳೂರಿತ್ತು. ಬೆಳಗಿನ ರೈಲು ಹತ್ತಿದರು. ನೌರಿನವರಿಗೆ ಪಕ್ಕದೂರೇ ಇಲ್ಲ.

ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಒಂದು ಆವರಣವಿದೆ. ಅಲ್ಲಿ 2019ರಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳಿಗೆ ಒಂದು ಯೋಚನೆ ಬಂತು. ಹೊಗೆ ಉಗುಳುವವರು ಯಾರೋ, ಮುಳುಗುವವರು ನಾವು; ಇದರಲ್ಲಿ ದೇಶಗಳ ಹೊಣೆ ಏನು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬಾರದೇಕೆ? ಅವರು ತಮ್ಮ ಸರ್ಕಾರದ ಬೆನ್ನು ಹತ್ತಿದರು. ಸರ್ಕಾರ ಇತರ ಸರ್ಕಾರಗಳ ಬೆನ್ನು ಹತ್ತಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆಯೇ ಹೌದು ಎಂದು ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ತರಗತಿಯೊಂದರಲ್ಲಿ ಎದ್ದ ಪ್ರಶ್ನೆ ಅಷ್ಟು ದೂರ ಹೋಯಿತು. ಮಾಲೂರಿನ ಆ ತಂದೆ ಈಗ ಸಿಕ್ಕರೆ ಮೊದಲು ಇದನ್ನೇ ಹೇಳುತ್ತೇನೆ.

ಕಿರಿಬಾಸ್ ದೇಶ ಮುನ್ನೆಚ್ಚರಿಕೆಯಾಗಿ 2014ರಲ್ಲಿ ಫಿಜಿಯಲ್ಲಿ ಸುಮಾರು 20 ಚದರ ಕಿಲೋಮೀಟರ್ ಜಮೀನು ಕೊಂಡಿಟ್ಟಿತು. ಟುವಾಲು 2023ರ ನವೆಂಬರಿನಲ್ಲಿ ಆಸ್ಟ್ರೇಲಿಯಾದೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಸರದಿಗೆ ಚೀಟಿ ಎತ್ತುವಾಗ ದೇಶದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಅದೇ ಟುವಾಲು 2023ರಲ್ಲಿ ತನ್ನ ಸಂವಿಧಾನಕ್ಕೆ ಒಂದು ಮಾತು ಸೇರಿಸಿತು. ಕಡಲೇರಿ ನೆಲವೆಲ್ಲ ಹೋದರೂ ಟುವಾಲು ಎಂಬ ರಾಷ್ಟ್ರ ಶಾಶ್ವತವಾಗಿ ಇರುತ್ತದೆ ಎಂದು.

ಈ ವರ್ಷ ಒಂಬತ್ತನೇ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸಾರ್, ಆಗ ಅದರ ರಾಜಧಾನಿ ಯಾವುದು ಅಂತ ಬರೀಬೇಕು?' ಎಂದು ಕೇಳಿದ. ಈ ಸಲ ನಾನು ನಗಲಿಲ್ಲ. 'ಈಗ ಫುನಾಫುಟಿ ಅಂತಲೇ ಬರಿಯಪ್ಪ' ಎಂದೆ.